ಪ್ಲಾಟೋ, ಫ್ಲಾಟೋ, 14 ಮಹಡಿಯ ಗೋಪುರವೋ: ಹುಬ್ಬಳ್ಳಿಯಲ್ಲಿ ಮನೆ ಆರಿಸುವವರಿಗೆ

ಹುಬ್ಬಳ್ಳಿಯಲ್ಲಿ ಯಾರಾದರೂ ‘ಪ್ಲಾಟ್ ಹಿಡಿದೆ’ ಎಂದರೆ ಸಂತೋಷ ಹೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕಾಗುತ್ತದೆ: ಮಣ್ಣಿನದೋ, ಸ್ಲ್ಯಾಬಿನದೋ? ನಮ್ಮ ಕಡೆಯ ನಾಲಿಗೆ ಪ ಮತ್ತು ಫ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಖಾಲಿ ನಿವೇಶನವೂ ಪ್ಲಾಟೇ, ಐದನೇ ಮಹಡಿಯ ಮನೆಯೂ ಪ್ಲಾಟೇ. ಗದಗಿನಲ್ಲಿ ನೌಕರಿ ಮುಗಿಸಿದ ನನ್ನ ಅಕ್ಕ ಮತ್ತು ಅವಳ ಗಂಡ, ಅಂದರೆ ನಮ್ಮ ಮಾಮಾ, ಕಳೆದ ದೀಪಾವಳಿಯಿಂದ ಈ ಎರಡು ಅಕ್ಷರಗಳ ನಡುವೆ ಅಲೆಯುತ್ತಿದ್ದಾರೆ, ಅವರ ಹಿಂದೆ ನಾನೂ. ನಾನು ಇಂಜಿನಿಯರ್ ಅಲ್ಲ. 16 ಮನೆಗಳ ಅಪಾರ್ಟ್‌ಮೆಂಟ್ ಸಂಘಕ್ಕೆ ಆರು ವರ್ಷ ಖಜಾಂಚಿಯಾಗಿದ್ದವನು. ಮೋಟಾರು ಸುಟ್ಟರೆ, ಲಿಫ್ಟ್ ನಡುವೆ ನಿಂತರೆ ಮೊದಲ ಫೋನು ಬರುತ್ತಿದ್ದುದು ನನಗೆ. ಆ ಫೋನುಗಳು ಕಲಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅವರ ಮುಂದಿದ್ದವು ಮೂರು. ಉಣಕಲ್ ಕಡೆ ಏಳುತ್ತಿರುವ 14 ಮಹಡಿಯ ಗೋಪುರ: ಮಹಡಿಗೆ 4 ಮನೆ, ಒಟ್ಟು 56, ಗಿಲಾವು ಕಾಣದ ಬೋಳು ಕಾಂಕ್ರೀಟು, ನೆಲದಿಂದ ಛಾವಣಿಯವರೆಗೆ ಗಾಜು, ಸೊನ್ನೆ ಅಲಂಕಾರ. ಎರಡನೆಯದು ವಿದ್ಯಾನಗರದ ಒಳರಸ್ತೆಯಲ್ಲಿ 4 ಮಹಡಿಯ ಹಳೆಯ ಅಪಾರ್ಟ್‌ಮೆಂಟ್: 12 ಮನೆ, ಒಂದೇ ಲಿಫ್ಟ್. ಮೂರನೆಯದು ಗದಗ ರಸ್ತೆಯ ಕಡೆ 30×40ರ ಎನ್‌ಎ (ಕೃಷಿಯೇತರ) ಪ್ಲಾಟ್, ಅಲ್ಲಿ ಸ್ವಂತ ಮನೆ ಕಟ್ಟಿಕೊಳ್ಳಬೇಕು. ಮಾಮಾ ಅವರ ಕಣ್ಣು ಗೋಪುರದ 12ನೇ ಮಹಡಿಯ ಪಶ್ಚಿಮದ ಮನೆಯ ಮೇಲೆ, ಅಲ್ಲಿಂದ ಕೆರೆ ಕಾಣುತ್ತದಂತೆ. ಅಕ್ಕನ ಕಣ್ಣು ಪ್ಲಾಟಿನ ಮೇಲೆ, ಅಲ್ಲಿ ತುಳಸಿಕಟ್ಟೆ ಕಟ್ಟಬಹುದಂತೆ.

ಹೊಳೆ ಇಲ್ಲದ ಊರಿನಲ್ಲಿ ಹೊಳೆಯ ದಂಡೆಯ ಕಟ್ಟಡ

ಕಂಬದ ಮೇಲೆ ನಿಂತ ಕಟ್ಟಡ, ಉದ್ದುದ್ದ ಕಿಟಕಿ, ಚಪ್ಪಟೆ ಛಾವಣಿ: ಇದೇನು ನಿನ್ನೆ ಹುಟ್ಟಿದ ಫ್ಯಾಷನ್ ಅಲ್ಲ. 1920ರ ದಶಕದಲ್ಲೇ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ಇವನ್ನೆಲ್ಲ ಸೂತ್ರದಂತೆ ಬರೆದಿಟ್ಟಿದ್ದರು. 1952ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ಅವರು ಮುಗಿಸಿದ ವಸತಿ ಕಟ್ಟಡದಲ್ಲಿ 337 ಮನೆಗಳಿವೆ. ನಡುವಿನ ಮಹಡಿಯಲ್ಲಿ ಅಂಗಡಿಗಳ ಓಣಿ, ಮಾಳಿಗೆಯ ಮೇಲೆ ಮಕ್ಕಳಿಗೆ ಶಿಶುವಿಹಾರ. ನಮ್ಮ ಊರಿನ ಕಟ್ಟಡಗಳು ಆ ಸೂತ್ರದಲ್ಲಿ ಕಂಬಗಳನ್ನು ತೆಗೆದುಕೊಂಡು ಕೆಳಗೆ ಕಾರು ನಿಲ್ಲಿಸಿದವು. ಮಾಳಿಗೆಗೆ ಕೀಲಿ ಹಾಕಿದವು.

ಮಾಮಾ ಅವರನ್ನು 12ನೇ ಮಹಡಿಯಿಂದ ಇಳಿಸಲು ನಾನು ಅಹಮದಾಬಾದಿನ ಉದಾಹರಣೆ ಹಿಡಿದೆ. ಅಲ್ಲಿ ಸಾಬರಮತಿ ದಂಡೆಯಲ್ಲಿ ಗಿರಣಿ ಮಾಲೀಕರ ಸಂಘಕ್ಕೆ ಇದೇ ಕಾರ್ಬೂಸಿಯೆ ಕಟ್ಟಿದ, 1954ರಲ್ಲಿ ಮುಗಿದ ಕಟ್ಟಡವಿದೆ. ಅದರ ಪೂರ್ವದ ಮುಖ ಹೊಳೆಗೆ, ಪಶ್ಚಿಮದ ಮುಖ ರಸ್ತೆಗೆ. ಎರಡೂ ಕಡೆ ಕಾಂಕ್ರೀಟಿನ ಹಲಗೆಗಳು ನಿಂತಿವೆ, ಆದರೆ ಒಂದೇ ರೀತಿ ನಿಂತಿಲ್ಲ. ಹೊಳೆಯ ಕಡೆಯವು ಗೋಡೆಗೆ ನೇರವಾಗಿವೆ, ನೋಟವೂ ಗಾಳಿಯೂ ಒಳಗೆ ಬರಲಿ ಎಂದು. ಪಶ್ಚಿಮದವು ಓರೆಯಾಗಿವೆ, ಮಧ್ಯಾಹ್ನದ ಬಿಸಿಲು ಒಳಗೆ ಬಾರದಿರಲಿ ಎಂದು. ಮುಂಬಯಿಯಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1983ರಲ್ಲಿ ಮುಗಿಸಿದ ಕಾಂಚನಜುಂಗಾ ಎಂಬ ವಸತಿ ಗೋಪುರದ ಕಷ್ಟವೂ ಇದೇ ಜಾತಿಯದು. ಗಾಳಿಯೂ ನೋಟವೂ ಪಶ್ಚಿಮದಲ್ಲಿ, ಬಿಸಿಲೂ ಮಳೆಯೂ ಅಲ್ಲೇ. ಅವರು ಎರಡಂತಸ್ತು ಎತ್ತರದ ಆಳವಾದ ಜಗುಲಿಗಳನ್ನು ಮೂಲೆಯಲ್ಲಿ ಕೊರೆದಿಟ್ಟು ಮನೆಯನ್ನು ಹಿಂದಕ್ಕೆ ಸರಿಸಿದರು.

ಹುಬ್ಬಳ್ಳಿ-ಧಾರವಾಡದ ಪಶ್ಚಿಮ ಮುಂಬಯಿಯ ಪಶ್ಚಿಮಕ್ಕೆ ಸಣ್ಣ ತಮ್ಮ. ಮಿರಗ ಕೂಡಿದ ಮೇಲೆ ಮಳೆ ಇಲ್ಲಿ ನೆಟ್ಟಗೆ ಬೀಳುವುದಿಲ್ಲ, ಪಶ್ಚಿಮದ ಗೋಡೆಗೆ ಓರೆಯಾಗಿ ಬಡಿಯುತ್ತದೆ. ಎತ್ತರ ಹೋದಷ್ಟೂ ಗಾಳಿಯ ಬಿರುಸು ಹೆಚ್ಚು. ನಾವು ನೋಡಿದ ಮಾದರಿ ಮನೆಯ ಬಾಲ್ಕನಿ ಮೂರೂವರೆ ಅಡಿ ಆಳ, ಅದರ ಹಿಂದೆ ಪೂರ್ತಿ ಗಾಜು. ಓರೆ ಹಲಗೆಯೂ ಇಲ್ಲ, ಜಗುಲಿಯೂ ಇಲ್ಲ. ಚಿತ್ರ ಆಧುನಿಕ, ಬುದ್ಧಿ ಅರ್ಧಕ್ಕೆ ನಿಂತಿದೆ. ಏಪ್ರಿಲ್ ಕೊನೆಯ ಒಂದು ದಿನ ಸಂಜೆ ನಾಲ್ಕಕ್ಕೆ ಅಲ್ಲಿಗೆ ಹೋದೆವು. ಮಾರಾಟದ ಹುಡುಗ ಬಾಗಿಲು ತೆಗೆದವನೇ ಮೊದಲು ಎಸಿ ಹಾಕಿದ. ‘ಒಂದು ಹತ್ತು ನಿಮಿಷ ಆರಿಸು’ ಎಂದೆ. ಆರನೇ ನಿಮಿಷಕ್ಕೆ ಮಾಮಾ ಕರವಸ್ತ್ರ ತೆಗೆದರು. ಕೆರೆ ಕಾಣುತ್ತಿತ್ತು, ಸುಳ್ಳು ಹೇಳಬಾರದು.

ಹಾಗಾಗಿ ಎತ್ತರದ ಕಟ್ಟಡವಾದರೆ ಪೂರ್ವ ಅಥವಾ ಉತ್ತರಕ್ಕೆ ತೆರೆದ ಮನೆ. ಪಶ್ಚಿಮವೇ ಬೇಕೆಂದರೆ ಕಿಟಕಿಯ ಮೇಲೆ ಕನಿಷ್ಠ ಎರಡಡಿ ಚಾಚಿದ ಛಜ್ಜಾ ಇರಲಿ, ಬಾಲ್ಕನಿ ಆಳವಾಗಿರಲಿ. ಮೊಬೈಲಿನ ದಿಕ್ಸೂಚಿ ಹಿಡಿದು ವಾಸ್ತುವಿಗೆ ಮೂಲೆ ಹುಡುಕುವವರು ಅದೇ ಮೊಬೈಲಿನಲ್ಲಿ ಗಂಟೆಯನ್ನೂ ನೋಡಿಕೊಂಡು ಹೋಗಬೇಕು. ಬಿಲ್ಡರುಗಳು ಮನೆ ತೋರಿಸಲು ಬೆಳಗಿನ ಹತ್ತನ್ನೇ ಇಷ್ಟಪಡುತ್ತಾರೆ.

ನೀರು ಹತ್ತುವ ಕಥೆ

ಹೊಳೆ ಇಲ್ಲದ ಊರು ಎಂದೆನಲ್ಲ, ಅದು ಬರಿಯ ವರ್ಣನೆ ಅಲ್ಲ. ಧಾರವಾಡದ ಸೋಮೇಶ್ವರದ ಬಳಿ ಶಾಲ್ಮಲೆ ಹುಟ್ಟುತ್ತಾಳೆ ನಿಜ, ಆದರೆ ಹುಟ್ಟಿದವಳು ಪಶ್ಚಿಮಕ್ಕೆ ಹೊರಟುಬಿಡುತ್ತಾಳೆ. ನಾವಿರುವುದು ನೀರು ಎರಡು ಕಡೆ ಹಂಚಿಕೊಂಡು ಹರಿದುಹೋಗುವ ದಿಬ್ಬದ ಮೇಲೆ. ಒಂದು ಕಡೆಯದು ಬೇಡ್ತಿ ಹಿಡಿದು ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಕಡೆಯದು ಮಲಪ್ರಭೆ, ಕೃಷ್ಣೆಯರ ಮೂಲಕ ಬಂಗಾಳ ಕೊಲ್ಲಿಗೆ. ನಲ್ಲಿಗೆ ಬರುವ ನೀರು ಸವದತ್ತಿ ಬಳಿಯ ರೇಣುಕಾಸಾಗರದಿಂದ ಪಂಪಾಗಿ ಬರುವ ಮಲಪ್ರಭೆಯದು, ಜೊತೆಗೆ ನೀರಸಾಗರದ್ದು. 2008ರಲ್ಲಿ ಕೆಲವು ವಾರ್ಡುಗಳಿಗೆ ದಿನವಿಡೀ ನೀರು ಬಂದಾಗ ಬೇರೆ ವಾರ್ಡಿನವರು ಅದನ್ನು ನೋಡಲು ಹೋಗುತ್ತಿದ್ದರು. ಎಂಟು ಹತ್ತು ದಿನಕ್ಕೊಮ್ಮೆ ಬರುವ ನೀರಿಗೆ ಹಂಡೆ, ಬ್ಯಾರೆಲ್ಲು, ಸಿಂಟೆಕ್ಸ್ ಎಲ್ಲ ತುಂಬಿಟ್ಟುಕೊಂಡು ಬೆಳೆದ ಊರು ಇದು. ಆದ್ದರಿಂದ ಎತ್ತರದ ಕಟ್ಟಡದ ಮುಂದೆ ನಿಂತಾಗ ಕತ್ತು ಮೇಲೆತ್ತುವ ಮೊದಲು ಬಗ್ಗಿ ಸಂಪ್ ನೋಡಬೇಕು.

ಲೆಕ್ಕ ಸರಳ. 56 ಮನೆ, ಮನೆಗೆ 4 ಜನ, ತಲೆಗೆ ದಿನಕ್ಕೆ 135 ಲೀಟರ್. ಒಟ್ಟು 30,240 ಲೀಟರ್. ಪೂರೈಕೆ ಮೂರು ದಿನ ನಿಂತರೆ ತಡೆದುಕೊಳ್ಳಲು 90 ಸಾವಿರ ಲೀಟರಿನ ಸಂಪ್ ಬೇಕು, ಅಗ್ನಿಶಾಮಕದ ನೀರು ಅದರ ಹೊರಗೆ. ಅಷ್ಟು ದೊಡ್ಡದಿದೆಯೇ? ನಕ್ಷೆಯಲ್ಲಿ ಉದ್ದ, ಅಗಲ, ಆಳ ಬರೆದಿರುತ್ತದೆ, ಗುಣಿಸಿ ನೋಡಿ. ಒಂದು ಘನ ಮೀಟರಿಗೆ ಸಾವಿರ ಲೀಟರ್.

ನೀರನ್ನು ಅಷ್ಟು ಮೇಲೆ ಏರಿಸುವ ಕರೆಂಟಿಗೆ ಹೆದರುವವರಿದ್ದಾರೆ. ನಾನೂ ಹೆದರಿದ್ದೆ. ಆದರೆ 30 ಸಾವಿರ ಲೀಟರನ್ನು 50 ಮೀಟರ್ ಏರಿಸಲು, ಪಂಪು ಅರ್ಧ ಶಕ್ತಿ ಪೋಲು ಮಾಡುತ್ತದೆ ಎಂದಿಟ್ಟುಕೊಂಡರೂ, ದಿನಕ್ಕೆ ಎಂಟೊಂಬತ್ತು ಯೂನಿಟ್ ಸಾಕು. ಅದನ್ನು 56 ಮನೆಗಳಿಗೆ ಹಂಚಿದರೆ ಏನೂ ಅಲ್ಲ. ತೊಂದರೆ ಇರುವುದು ಪಂಪು ಓಡುವ ದಿನಗಳಲ್ಲಿ ಅಲ್ಲ, ಓಡದ ದಿನಗಳಲ್ಲಿ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಏಪ್ರಿಲ್ ತಿಂಗಳು ಮೋಟಾರು ಸುಟ್ಟಿತು. ಎರಡನೇ ಮೋಟಾರು ಇತ್ತು, ಕಾಗದದ ಮೇಲೆ. ರಿಪೇರಿಗೆ ಹೋದದ್ದು ವಾಪಸು ಬಂದೇ ಇರಲಿಲ್ಲ, ಏಕೆಂದರೆ 16 ಮನೆಗಳಲ್ಲಿ ಮೂರರ ಮಾಲೀಕರು ಬೇರೆ ಊರಿನಲ್ಲಿದ್ದು ವರ್ಷದಿಂದ ಮೇಂಟೆನೆನ್ಸ್ ಕೊಟ್ಟಿರಲಿಲ್ಲ, ನನ್ನ ಬಳಿ ರಿಪೇರಿಯ ದುಡ್ಡಿರಲಿಲ್ಲ. ನಾಲ್ಕು ದಿನ ನಾವು ಮೆಟ್ಟಿಲ ಮೇಲೆ ಸಾಲಾಗಿ ನಿಂತು ಕೊಡ ದಾಟಿಸಿದೆವು. ಮೂರನೇ ಮಹಡಿಯವರೆಗೆ ಅದರಲ್ಲಿ ನಗೆ, ಹರಟೆ, ಒಂದು ಬಗೆಯ ಜಾತ್ರೆಯ ಹುರುಪು ಇತ್ತು. ಅದೇ ಕೊಡವನ್ನು 12ನೇ ಮಹಡಿಗೆ ದಾಟಿಸುವುದನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಗೋಪುರದಲ್ಲಿ ಮನೆ ಕೊಳ್ಳುವವರು ನಾಲ್ಕು ಗೋಡೆಯ ಜೊತೆಗೆ ಒಂದು ಯಂತ್ರವನ್ನೂ, ಅದನ್ನು ನಡೆಸುವ 55 ಪಾಲುದಾರರನ್ನೂ ಕೊಳ್ಳುತ್ತಾರೆ.

ಇನ್ನೊಂದು ಸಣ್ಣ ಸಂಗತಿ, ಯಾರೂ ಹೇಳುವುದಿಲ್ಲ. ಮಾಳಿಗೆಯ ಟಾಕಿಯಿಂದ ಪ್ರತಿ ಹತ್ತು ಮೀಟರ್ ಕೆಳಗೆ ಬಂದಂತೆ ನೀರಿನ ಒತ್ತಡ ಸುಮಾರು ಒಂದು ಬಾರ್ ಏರುತ್ತದೆ. ಮೇಲಿನ ಮಹಡಿಯಲ್ಲಿ ಶವರ್ ಅಳುತ್ತಿರುತ್ತದೆ, ಕೆಳಗಿನ ಮಹಡಿಯಲ್ಲಿ ನಲ್ಲಿಯ ವಾಷರ್ ಆರು ತಿಂಗಳಿಗೊಮ್ಮೆ ಹರಿಯುತ್ತದೆ. ಮೇಲೆ ಬೂಸ್ಟರ್ ಪಂಪು, ಕೆಳಗೆ ಒತ್ತಡ ತಗ್ಗಿಸುವ ವಾಲ್ವು, ಎರಡೂ ಇವೆಯೇ ಎಂದು ಕೇಳಿ. ‘ಎಲ್ಲಾ ಇದೆ ಸರ್’ ಎಂದರೆ ಎಲ್ಲಿದೆ ಎಂದು ಕೇಳಿ.

ನೆಲ, ಕಂಬ

ಇಲ್ಲಿಯವರೆಗೆ ಓದಿದವರು ನಾನು ಪ್ಲಾಟಿನ ಪಕ್ಷ ಎಂದುಕೊಂಡಿರಬಹುದು. ಅಲ್ಲ. ಅಕ್ಕ ಮೆಚ್ಚಿದ ಪ್ಲಾಟ್ ಇರುವುದು ಅಪ್ಪಟ ಎರೆ ಭೂಮಿಯಲ್ಲಿ. ಹುಬ್ಬಳ್ಳಿಯಿಂದ ಪೂರ್ವಕ್ಕೆ ಅಣ್ಣಿಗೇರಿ, ನವಲಗುಂದದ ಕಡೆ ಹೋದಂತೆ ಕಡಲೆ, ಹತ್ತಿ, ಬಿಳಿಜೋಳಕ್ಕೆ ಬಂಗಾರದಂಥ ಮಣ್ಣು ಅದು. ಮನೆಗೆ ಮಾತ್ರ ಮಲತಾಯಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ, ಅದರ ಜೊತೆಗೆ ಮೇಲಿನ ಗೋಡೆಯೂ ಬಿರಿಯುತ್ತದೆ. ಆ ಬಡಾವಣೆಯಲ್ಲಿ ಮೂರು ವರ್ಷದ ಹಿಂದೆ ಕಟ್ಟಿದ ಒಂದು ಮನೆಯ ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದ ಬಿರುಕಿನಲ್ಲಿ ಅಕ್ಕನ ಬಳೆ ಹೊಕ್ಕಿತು. ಎರೆಯಲ್ಲಿ ಕಟ್ಟುವುದೇ ಆದರೆ ಎರೆ ತೆಗೆದು ಗರಸು ತುಂಬಬೇಕು, ಇಲ್ಲವೇ ಗಟ್ಟಿ ನೆಲದವರೆಗೆ ಪೈಲು, ಅಂದರೆ ನೆಲದೊಳಗಿನ ಕಾಂಕ್ರೀಟ್ ಕಂಬ, ಇಳಿಸಬೇಕು. ತಳದಲ್ಲಿ ಬುಗ್ಗೆಯಂತೆ ಉಬ್ಬಿದ, ಅಂಡರ್‌ರೀಮ್ಡ್ ಎನ್ನುವ ಪೈಲುಗಳನ್ನು ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ್ದೇ ಇಂಥ ಮಣ್ಣಿಗಾಗಿ. ಆ ಖರ್ಚನ್ನು ಪ್ಲಾಟಿನ ಬೆಲೆಗೆ ಸೇರಿಸಿದರೆ ಅಗ್ಗದ ಪ್ಲಾಟ್ ಅಗ್ಗವಾಗಿ ಉಳಿಯುವುದಿಲ್ಲ. ಧಾರವಾಡದ ಪಶ್ಚಿಮದ ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ಈ ಗೋಳು ಕಡಿಮೆ. ಗೋಪುರಕ್ಕೂ ಕಡಿಮೆ: 14 ಮಹಡಿಯ ಭಾರ ಹೊರುವ ಅಡಿಪಾಯ ಹೇಗೂ ಎರೆಯನ್ನು ದಾಟಿ ಗಟ್ಟಿ ನೆಲಕ್ಕೆ ಕಾಲೂರಲೇಬೇಕು.

ಹಳೆಯ ನಾಲ್ಕು ಮಹಡಿಯದಕ್ಕೆ ಬೇರೆ ಪರೀಕ್ಷೆ. ಕೆಳಗೆ ಬರೀ ಕಂಬ, ನಡುವೆ ಕಾರು, ಮೇಲೆ ಗೋಡೆ ತುಂಬಿದ ಮನೆಗಳು ಎಂದರೆ ಕೆಳಗಿನ ಮಹಡಿ ಮೆತ್ತಗೆ, ಮೇಲಿನದು ಬಿಗಿ. 2001ರ ಜನವರಿ 26ರಂದು ಭುಜ್ ನಡುಗಿದಾಗ 200 ಕಿಲೋಮೀಟರಿಗೂ ದೂರವಿದ್ದ ಅಹಮದಾಬಾದಿನಲ್ಲಿ ಕುಸಿದ ಅಪಾರ್ಟ್‌ಮೆಂಟುಗಳಲ್ಲಿ ಹೆಚ್ಚಿನವು ಹೀಗೆ ಕಂಬದ ಮೇಲೆ ನಿಂತವೇ. ತೆರೆದ ನೆಲಮಹಡಿಯ ಕಂಬಗಳು ಹೆಚ್ಚು ಬಲವಾಗಿರಬೇಕು ಎಂದು 2002ರ ಭೂಕಂಪ ಸಂಹಿತೆ ಕಟ್ಟುನಿಟ್ಟು ಮಾಡಿತು. ಕಟ್ಟಡಕ್ಕೆ ಪರವಾನಗಿ ಸಿಕ್ಕ ವರ್ಷ ಕೇಳಬೇಕಾದದ್ದು ಅದಕ್ಕೇ. ಭೂಕಂಪವೇ ಆಗಬೇಕೆಂದೂ ಇಲ್ಲ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಹಾಡಹಗಲೇ ಕುಸಿದು 19 ಜನ ಹೋದರು. ಆ ರಸ್ತೆಯಲ್ಲಿ ಈಗಲೂ ನನ್ನ ಸ್ಕೂಟರ್ ತಾನಾಗಿ ನಿಧಾನವಾಗುತ್ತದೆ. ಪಾರ್ಕಿಂಗಿನ ಕಂಬಗಳಲ್ಲಿ ತುಕ್ಕಿನ ಕಂದು ಗೆರೆ, ಉಬ್ಬಿದ ಗಿಲಾವು, ಪೈಪು ಒಯ್ಯಲು ತೊಲೆಗೆ ಕೊರೆದ ತೂತು, ಇವುಗಳಲ್ಲಿ ಒಂದು ಕಂಡರೂ ಮಾತು ಮುಂದುವರಿಸುವ ಮೊದಲು ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಸಿ. ಅವರ ಶುಲ್ಕ ನೋಂದಣಿಯ ದಿನದ ಊಟದ ಖರ್ಚಿಗಿಂತ ಬಹಳ ಹೆಚ್ಚಾಗುವುದಿಲ್ಲ.

ಬೆಂಕಿಯ ಬಗ್ಗೆ ಎರಡೇ ಮಾತು. 15 ಮೀಟರ್ ಮುಟ್ಟಿದ ಯಾವ ಕಟ್ಟಡವನ್ನೂ ರಾಷ್ಟ್ರೀಯ ಕಟ್ಟಡ ಸಂಹಿತೆ ‘ಎತ್ತರದ್ದು’ ಎಂದೇ ಎಣಿಸುತ್ತದೆ. ಹೋದಾಗ ಲಿಫ್ಟಿನಲ್ಲಿ ಏರಿ, ಮೆಟ್ಟಿಲಲ್ಲಿ ಇಳಿಯಿರಿ. ಮೆಟ್ಟಿಲ ಮೇಲೆ ಚಪ್ಪಲಿ ಸ್ಟ್ಯಾಂಡು, ಸೈಕಲ್ಲು, ಹಳೆಯ ಹಾಸಿಗೆ ಎಷ್ಟು ಸಿಕ್ಕವು ಎಂಬುದು ಆ ಸಂಘದ ಜಾತಕ.

ದುಡ್ಡು

ಬ್ರೋಷರಿನ 1,250 ಚದರ ಅಡಿಯಲ್ಲಿ ನೀವು ಕಸ ಗುಡಿಸುವ ನೆಲ ಎಷ್ಟು? ಮನೆ ಕೊಳ್ಳುವವರ ರಕ್ಷಣೆಯ ರೇರಾ ಕಾಯ್ದೆ ಬಂದ ಮೇಲೆ ಆ ನೆಲವನ್ನು, ಅಂದರೆ ಕಾರ್ಪೆಟ್ ಏರಿಯಾವನ್ನು, ಹೇಳಲೇಬೇಕು. ನೂರಕ್ಕೆ 30 ಪಾಲು ಹೊರಗಿನದಾದರೆ ಉಳಿಯುವುದು 875. ಗೋಪುರದಲ್ಲಿ ಎರಡು ಲಿಫ್ಟು, ಎರಡು ಮೆಟ್ಟಿಲು, ಲಾಬಿ, ಜಿಮ್ಮು ಎಂದು ಈ ಹೊರಗಿನ ಪಾಲು ದೊಡ್ಡದು. ಹಳೆಯದರಲ್ಲಿ ಚಿಕ್ಕದು. ಪ್ಲಾಟಿನಲ್ಲಿ ಆ ಮಾತೇ ಇಲ್ಲ.

ನೆಲದ ಪಾಲನ್ನು ಜನ ಮರೆತೇಬಿಡುತ್ತಾರೆ. ಗೋಪುರ ನಿಂತಿರುವುದು 24 ಗುಂಟೆಯಲ್ಲಿ ಎಂದಿಟ್ಟುಕೊಳ್ಳಿ. ಗುಂಟೆಗೆ 1,089 ಚದರ ಅಡಿಯಂತೆ 26,136, ಅದನ್ನು 56ರಿಂದ ಭಾಗಿಸಿದರೆ ಮನೆಗೆ ಸುಮಾರು 467 ಚದರ ಅಡಿ. ಹಳೆಯದು 6 ಗುಂಟೆಯಲ್ಲಿ 12 ಮನೆ: ಮನೆಗೆ 544ರ ಮೇಲೆ. ಪ್ಲಾಟು ಪೂರ್ತಿ 1,200. ಕಟ್ಟಡ ಮುದಿಯಾಗುತ್ತದೆ, ಬೆಲೆ ಏರುವುದು ನೆಲಕ್ಕೆ. ಮಕ್ಕಳಿಗಾಗಿ ಆಸ್ತಿ ಮಾಡುವವರು ಈ ಮೂರು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಕಿಸೆಯಲ್ಲಿಡಬೇಕು. ಇರುವುದಕ್ಕಾಗಿ ಮನೆ ಹುಡುಕುವ 60 ದಾಟಿದ ದಂಪತಿಗೆ ಅದು ಅಷ್ಟು ಮುಖ್ಯವಲ್ಲ ಎಂಬುದು ನನ್ನ ಮತ. ಮಾಮಾ ಇದನ್ನು ಒಪ್ಪಿಲ್ಲ.

ದೊಡ್ಡ ದುರಸ್ತಿ ಬಂದಾಗ ಲೆಕ್ಕ ತಿರುಗುತ್ತದೆ. ಲಿಫ್ಟ್ ಬದಲಿಸಲು 12 ಲಕ್ಷ ಎಂದುಕೊಂಡರೆ 12 ಮನೆಯವರಿಗೆ ತಲಾ ಒಂದು ಲಕ್ಷ. ಅದರಲ್ಲಿ ಇಬ್ಬರು ಒಲ್ಲೆ ಎಂದರೆ ಲಿಫ್ಟ್ ಇಲ್ಲ. ಗೋಪುರದಲ್ಲಿ ಎರಡು ದೊಡ್ಡ ಲಿಫ್ಟಿಗೆ 30 ಲಕ್ಷವಾದರೂ ಮನೆಗೆ 54 ಸಾವಿರದೊಳಗೆ, ಇಬ್ಬರು ಕೊಡದಿದ್ದರೂ ಕೆಲಸ ನಿಲ್ಲುವುದಿಲ್ಲ. ಸಣ್ಣ ಅಪಾರ್ಟ್‌ಮೆಂಟಿನಲ್ಲಿ ಆರು ವರ್ಷ ವಸೂಲಿ ಮಾಡಿದವನಿಗೆ ಇದು ಸಣ್ಣ ಸಮಾಧಾನವಲ್ಲ.

ತೆರಿಗೆಯಲ್ಲೂ ವ್ಯತ್ಯಾಸವಿದೆ. 2019ರ ಏಪ್ರಿಲ್‌ನಿಂದ ಕಟ್ಟುತ್ತಿರುವ ಫ್ಲಾಟಿಗೆ ಜಿಎಸ್‌ಟಿ ಶೇ 5. ನಮ್ಮಂಥ ಮಹಾನಗರವಲ್ಲದ ಊರುಗಳಲ್ಲಿ 90 ಚದರ ಮೀಟರ್ ಕಾರ್ಪೆಟ್ ಮತ್ತು 45 ಲಕ್ಷದೊಳಗಿನದಕ್ಕೆ ಶೇ 1. ಪೂರ್ಣಗೊಂಡ ಪ್ರಮಾಣಪತ್ರ ಸಿಕ್ಕ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ. ಮೇಲಿನ ಮಹಡಿಗೆ ಬಿಲ್ಡರುಗಳು ಫ್ಲೋರ್ ರೈಸ್ ಎಂದು ಬೇರೆ ಕೇಳುತ್ತಾರೆ. ಮಹಡಿಗೆ ಚದರ ಅಡಿಗೆ 20 ರೂಪಾಯಿ ಎಂದರೂ 4ರಿಂದ 12ಕ್ಕೆ ಏರಲು 1,250 ಅಡಿಗೆ 2 ಲಕ್ಷ. ಕೆರೆಯ ನೋಟಕ್ಕೆ ಕೊಡುವ ಟಿಕೆಟ್ ಅದು. ಉಣಕಲ್ ಕೆರೆಯ ಏರಿಯ ಮೇಲೆ ವಾಕಿಂಗ್ ಹೋದರೆ ಹತ್ತಿರದಿಂದಲೇ ಕಾಣುತ್ತದೆ.

ರೊಟ್ಟಿ, ಶ್ಯಾವಿಗೆ, ಜೋಕಾಲಿ

ಇನ್ನು ಯಾವ ನಕ್ಷೆಯಲ್ಲೂ ಬರೆಯದ ಸಂಗತಿಗಳು. ನಮ್ಮ ಮನೆಗಳಲ್ಲಿ ಬೆಳಿಗ್ಗೆ ರೊಟ್ಟಿ ಬಡಿಯುತ್ತಾರೆ. ಅಡುಗೆ ಕಟ್ಟೆಯ ಗ್ರಾನೈಟಿನಿಂದ ಆ ಸಪ್ಪಳ ಗೋಡೆಗೆ, ಗೋಡೆಯಿಂದ ಸ್ಲ್ಯಾಬಿಗೆ, ಅಲ್ಲಿಂದ ಕೆಳಗಿನ ಮನೆಯವರ ತಲೆದಿಂಬಿಗೆ. ನಮ್ಮಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಲಗುತ್ತಿದ್ದ ಒಬ್ಬ ಹುಡುಗ ನನಗೆ ಲಿಖಿತ ದೂರು ಕೊಟ್ಟಿದ್ದ, ‘ಬೆಳಿಗ್ಗೆ 6.30ಕ್ಕೆ ಮೇಲಿನವರು ಕಟ್ಟಡ ಕೆಡವುತ್ತಾರೆ’ ಎಂದು. ಮೇಲಿನವರಿಗೆ ರೊಟ್ಟಿ ಬಡಿಯುವ ಕೊಮ್ಮಣಿಗೆಯ ಕೆಳಗೆ ದಪ್ಪ ರಬ್ಬರ್ ಹಾಸಲು ಹೇಳಿ ಬಗೆಹರಿಸಿದೆವು. ಮನೆ ನೋಡಲು ಹೋದಾಗ ಮೇಲಿನ ಮಹಡಿಯಲ್ಲಿ ಯಾರನ್ನಾದರೂ ನಡೆದಾಡಲು ಹೇಳಿ ಕಿವಿಗೊಡಿ. ಹಳೆಯ ಕಟ್ಟಡದ ಇಟ್ಟಿಗೆ ಗೋಡೆಗಳು ಅಕ್ಕಪಕ್ಕದ ಮಾತನ್ನು ಚೆನ್ನಾಗಿ ನುಂಗುತ್ತವೆ, ಹೊಸದರ ಹಗುರ ಬ್ಲಾಕುಗಳು ಅಷ್ಟಾಗಿ ನುಂಗುವುದಿಲ್ಲ.

ಮಾಳಿಗೆಯ ಕೀಲಿ ಯಾರ ಬಳಿ ಎಂದು ಅಕ್ಕ ಎಲ್ಲ ಕಡೆ ಕೇಳಿದಳು. ಶ್ಯಾವಿಗೆ, ಸಂಡಿಗೆ, ಬ್ಯಾಡಗಿ ಮೆಣಸಿನಕಾಯಿ ಒಣಗಿಸದ ಬೇಸಿಗೆ ಅವಳಿಗೆ ಬೇಸಿಗೆಯೇ ಅಲ್ಲ. ವಿದ್ಯಾನಗರದಲ್ಲಿ ಕೀಲಿ ಮೊದಲ ಮಹಡಿಯ ಅಜ್ಜಿಯ ಸೆರಗಿನ ಗಂಟಿನಲ್ಲಿತ್ತು, ಮಾಳಿಗೆಯ ತುಂಬ ಹಪ್ಪಳ ಹರಡಿತ್ತು. ಗೋಪುರದಲ್ಲಿ ‘ಸುರಕ್ಷತೆಯ ಕಾರಣ ಯಾರಿಗೂ ಕೊಡುವುದಿಲ್ಲ’ ಎಂದರು. ಮಾರ್ಸೇಯ ಮಕ್ಕಳು ನೆನಪಾದರು. ಪಂಚಮಿಯ ಜೋಕಾಲಿಗೆ ಛಾವಣಿಯಲ್ಲಿ ಕೊಂಡಿ ಬೇಕೆಂದರೆ ಸ್ಲ್ಯಾಬ್ ಹಾಕುವಾಗಲೇ ಇಡಿಸಬೇಕು, ಆಮೇಲೆ ಕೊರೆಯಲು ಬಿಡುವುದಿಲ್ಲ, ಬಿಡಲೂ ಬಾರದು.

ಓಡಾಟದಲ್ಲಿ ಎರಡು ಫ್ಲಾಟುಗಳೂ ಗೆದ್ದವು. ಎರಡರಿಂದಲೂ ಚಿಗರಿ ಬಸ್ಸಿನ ನಿಲ್ದಾಣಕ್ಕೆ ನಡೆದು ಹೋಗಬಹುದು, 22 ಕಿಲೋಮೀಟರಿನ ಆ ದಾರಿಯಲ್ಲಿ ಹುಬ್ಬಳ್ಳಿಯೂ ಸಿಗುತ್ತದೆ, ಧಾರವಾಡವೂ. ಪ್ಲಾಟಿನಿಂದ ಔಷಧಿ ಅಂಗಡಿಗೆ ಹೋಗಲೂ ಗಾಡಿ ತೆಗೆಯಬೇಕು. ಮಾಮಾ ಅವರಿಗೆ ಇನ್ನು ಹತ್ತು ವರ್ಷಕ್ಕೆ ಗಾಡಿ ಓಡಿಸಲು ಆಗುತ್ತದೆಯೇ ಎಂಬ ಪ್ರಶ್ನೆಯನ್ನು ಅಕ್ಕ ಅವರೆದುರೇ ಕೇಳಿದಳು. ಪ್ಲಾಟು ಅಲ್ಲಿಗೆ ಬಿದ್ದುಹೋಯಿತು, ಅದನ್ನು ಬಯಸಿದವಳಿಂದಲೇ.

ಕಾಗದ

ಪ್ಲಾಟಿಗಾದರೆ ಎನ್‌ಎ ಆದೇಶ, ಮಂಜೂರಾದ ಲೇಔಟ್ ನಕ್ಷೆ, ಉತಾರ, ಇ-ಖಾತಾ. ಹಳೆಯ ಫ್ಲಾಟಿಗಾದರೆ ಇವುಗಳ ಜೊತೆಗೆ ಸಂಘದಿಂದ ಬಾಕಿ ಇಲ್ಲ ಎಂಬ ಪತ್ರ; ಸಿಗದಿದ್ದರೆ ಖಜಾಂಚಿಯೊಂದಿಗೆ ಒಂದು ಚಹಾ. ಹೊಸದಕ್ಕೆ ರೇರಾ ನೋಂದಣಿ: 500 ಚದರ ಮೀಟರಿಗಿಂತ ದೊಡ್ಡ ಜಾಗದಲ್ಲಿ 8ಕ್ಕಿಂತ ಹೆಚ್ಚು ಮನೆ ಇದ್ದರೆ ಅದು ಕಡ್ಡಾಯ. ಕೊಳ್ಳುವವರ ಹಣದಲ್ಲಿ ಶೇ 70 ಪ್ರತ್ಯೇಕ ಖಾತೆಯಲ್ಲಿರಬೇಕು, ರಚನೆಯ ದೋಷಕ್ಕೆ ಮನೆ ಕೈಗೆ ಕೊಟ್ಟ ದಿನದಿಂದ 5 ವರ್ಷ ಬಿಲ್ಡರೇ ಹೊಣೆ, ಮಾರಾಟದ ಕರಾರು ನೋಂದಣಿ ಆಗುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಕೇಳುತ್ತಾರೆ.

ವಿದ್ಯಾನಗರದ ಮನೆ ಕೊನೆಯವರೆಗೂ ಸ್ಪರ್ಧೆಯಲ್ಲಿತ್ತು. ಹಪ್ಪಳ ಹರಡಿದ ಮಾಳಿಗೆಯನ್ನು ಬಿಟ್ಟುಬರಲು ಅಕ್ಕನಿಗೆ ಮನಸ್ಸಿರಲಿಲ್ಲ. ಆದರೆ ಪಾರ್ಕಿಂಗಿನ ಎರಡು ಕಂಬಗಳಲ್ಲಿ ಕಂದು ಗೆರೆ ಇತ್ತು. ಕರೆಸಿದ ಇಂಜಿನಿಯರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಅಂಗೈ ಅಗಲದ ಗಿಲಾವು ಕಳಚಿ ಅವರ ಬೂಟಿನ ಮೇಲೆ ಬಿತ್ತು. ದುರಸ್ತಿ ಸಾಧ್ಯ ಎಂದರು ಅವರು. 12 ಮನೆಯವರೂ ಒಪ್ಪಿದರೆ.

ಈಗ ಮಾತು ನಿಂತಿರುವುದು ಗೋಪುರದ 4ನೇ ಮಹಡಿಯ ಪೂರ್ವದ ಮನೆಯ ಮೇಲೆ. ಲಿಫ್ಟ್ ನಿಂತರೆ ಕೂತು ಕೂತು ಹತ್ತಬಹುದಾದ ಎತ್ತರ. ಉಳಿದ 2 ಲಕ್ಷದಲ್ಲಿ ಮಾಮಾ ಸಂಪ್ ನೋಡಲು ಇಳಿದಾಗ ಹರಿದ ಪ್ಯಾಂಟಿನ ಖರ್ಚನ್ನೂ ಕಳೆಯಬೇಕಂತೆ. ಕಳೆದ ವಾರ ಬಿಲ್ಡರಿನ ಕಡೆಯವರು ಫೋನು ಮಾಡಿ ಶೇ 20 ಕಟ್ಟಿದರೆ ಮಾಳಿಗೆಯ ಕೀಲಿಯ ವಿಷಯ ‘ನೋಡೋಣ’ ಎಂದರು. ಮಾಮಾ ಫೋನನ್ನು ಅಕ್ಕನ ಕೈಗೆ ಕೊಟ್ಟರು. ‘ಮೊದಲು ಕರಾರು ನೋಂದಣಿ, ಕೀಲಿಯ ಮಾತು ಅದರಲ್ಲೇ ಬರೆಯಿರಿ’ ಎಂದಳು ಅವಳು, ‘ಬೇಸಿಗೆ ಬರುವುದರೊಳಗೆ.’